ಇಂಟರ್‌ನ್ಯಾಷನಲ್ ಊಟದ ಕೋಣೆಯ ಒಂದೇ ಕುರ್ಚಿ

ಚೈತ್ರಾ ಫೋನ್ ಮಾಡಿ, "ಅಜ್ಜೀ, ನಂಗ ಯೂನಿವರ್ಸಿಟಿ ಹಾಸ್ಟೆಲ್‌ನಾಗ ಕೆಲಸ ಸಿಕ್ತು. ಫಾರಿನ್ ಹುಡುಗ್ಯಾರ ಕಡೆ ನೋಡ್ಕಳ್ಳಾದು ನಂದೇ. ನೀನೂ ಫಾರಿನ್ ಹುಡುಗೀನ ನೋಡ್ಕಂಡಾಕಿ ಅಲ್ಲ, ಏನ್ ಮಾಡಬೇಕು, ಏನ್ ಮಾಡಬಾರದು, ಎಲ್ಲಾ ಬರದು ಕೊಡು" ಎಂದಳು. ಅವಳ ತಮ್ಮ ಮನು ಹಿಂದಿನಿಂದ, "ಮಾತಾಡಾದೇ ಇಲ್ಲ ಅಜ್ಜಿ, ಇನ್ನ ಬರೀತಾಳೇನು? ಬರದ್ರ, ಐತವಾರ ಐತವಾರ ಫೋನಿನ ಮುಂದ ಬಾಯಿ ತಗದು ಯಾಕ ಕುಂದ್ರತಾಳ ಅದನ್ನೂ ಬರಿಯಾಕ ಹೇಳು" ಎಂದದ್ದೂ ಕೇಳಿಸಿತು.

ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ.

ನಾನು ಕೆಲಸ ಮಾಡಿದ್ದು ಹರಪನಹಳ್ಳಿಯ ಒಂದು ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ. ನಿಮ್ಮ ತಾತ ಅದೇ ಕಾಲೇಜಿನಲ್ಲಿ ಜವಾನರಾಗಿದ್ದರು. ಅವರು ತೀರಿಕೊಂಡ ಮೇಲೆ ಕಾಲೇಜಿನವರು ನನ್ನನ್ನು ಕರೆದು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದರು. ನಾನು ತಲೆಯಾಡಿಸಿದೆ. ಸಂದರ್ಶನ ಮುಗಿಯಿತು.

ನನ್ನ ನಾಚಿಕೆಯ ವಿಷಯ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನನಗೆ ಜನರ ಮುಂದೆ ಮಾತಾಡಲು ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಜನರ ಮುಂದೆ ಉಣ್ಣಲು ನಾಚಿಕೆ. ಬಾಗಳಿಯ ಶಾಲೆಯಲ್ಲಿ ಓದುವಾಗ ಮಧ್ಯಾಹ್ನ ಎಲ್ಲರೂ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರೆ, ನಾನು ನನ್ನ ಬುತ್ತಿ ಹಿಡಿದು ಕಲ್ಲೇಶ್ವರನ ಗುಡಿಗೆ ಹೋಗುತ್ತಿದ್ದೆ. ಅಲ್ಲಿಯ ಕಂಬಗಳು ನನ್ನಂಥವರು ಮರೆಯಾಗಿ ಕೂತು ರೊಟ್ಟಿ ತಿನ್ನಲೆಂದೇ ನಿಲ್ಲಿಸಿದಂತಿವೆ. ಹಾಸ್ಟೆಲ್ಲಿಗೆ ಬಂದ ಮೇಲೂ ಅಷ್ಟೇ. ಹುಡುಗಿಯರೆಲ್ಲ ಉಂಡ ಮೇಲೆ ಪಾತ್ರೆ ತೊಳೆದು, ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದೆ. ನಾನು ಉಣ್ಣುವುದನ್ನು ಚೆನ್ನಾಗಿ ನೋಡಿದ್ದು ಆ ಗೋಡೆ ಒಂದೇ.

ದೊಡ್ಡ ಅಡುಗೆಯವನು ಕೊಟ್ರಪ್ಪ. ಕೊಟ್ಟೂರಿನವನು, ನನಗಿಂತ ದೊಡ್ಡವನು. ನಾನು ಮಾತಾಡದೆ ಉಳಿಸಿದ ಮಾತನ್ನೆಲ್ಲ ಅವನೇ ಖರ್ಚು ಮಾಡುತ್ತಿದ್ದ. ಸೌದೆ ಒಲೆ ಹೋಗಿ ಗ್ಯಾಸ್ ಬಂದಾಗ, "ಹೊಗಿ ಇಲ್ಲದ ಅಡಿಗಿ, ಮೀಸಿ ಇಲ್ಲದ ಗೌಡ ಎರಡೂ ಒಂದ" ಎಂದು ವಾರಗಟ್ಟಲೆ ಮುನಿಸಿಕೊಂಡಿದ್ದ. ಅವನದೊಂದು ಕಟ್ಟುನಿಟ್ಟು ಇತ್ತು. ಬಡಿಸುವುದಕ್ಕೆ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ನೋಡಿದರೆ ಎಂಜಲು. ಹಾಗಾದರೆ ಉಪ್ಪು ಸರಿ ಇದೆಯೋ ಇಲ್ಲವೋ ಹೇಗೆ ತಿಳಿಯುವುದು? ಕೊಟ್ರಪ್ಪ ಪಾತ್ರೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಮೂಗಿನಿಂದ ಒಂದು ದೊಡ್ಡ ಉಸಿರೆಳೆದು, "ಉಪ್ಪು ಸರಿ ಐತಿ ಹಾಲಕ್ಕ" ಎನ್ನುತ್ತಿದ್ದ. ಹಾಲಮ್ಮ ಎಂಬ ನಾನು ಅವನ ಬಾಯಲ್ಲಿ ಹಾಲಕ್ಕ. ಸಾಮಾನ್ಯವಾಗಿ ಸರಿಯೇ ಇರುತ್ತಿತ್ತು.

ನಾನು ನೋಡಿದ ಪ್ರಿನ್ಸಿಪಾಲರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹುಚ್ಚು. ಮೊದಲನೆಯವರಿಗೆ ಹೂವಿನ ಕುಂಡ. ಎರಡನೆಯವರಿಗೆ ಸಮವಸ್ತ್ರ. ಕೊಟ್ರಪ್ಪನಿಗೂ ಟೈ ಕಟ್ಟಿಸಿದ್ದರು, ಅದು ಸಾರಿನಲ್ಲಿ ಅದ್ದಿದ ಮೇಲೆ ಬಿಟ್ಟರು. ಮೂರನೆಯವರಿಗೆ 'ಗ್ಲೋಬಲ್' ಎಂಬ ಮಾತು ಅಂಟಿತ್ತು. ನಮ್ಮ ಕಾಲೇಜು ಪ್ರಪಂಚಕ್ಕೆಲ್ಲ ತೆರೆದುಕೊಳ್ಳಬೇಕು ಎಂದು ಅಡುಗೆಮನೆಯಲ್ಲೂ ಒಂದು ಭೂಪಟ ತೂಗುಹಾಕಿಸಿದರು. ಒಂದು ವಾರ, ಐತವಾರ ಬಿಟ್ಟು ದಿನಕ್ಕೊಂದು ದೇಶದ ಊಟ ಮಾಡಬೇಕೆಂದು ಹೇಳಿದರು. ಕೊಟ್ರಪ್ಪ ಆರೂ ದಿನ ಚಿತ್ರಾನ್ನ ಮಾಡಿ, ಅದರ ಮೇಲೆ ದಿನಕ್ಕೊಂದು ದೇಶದ ಕಾಗದದ ಬಾವುಟ ಚುಚ್ಚಿದ. ಸೋಮವಾರದ್ದಕ್ಕಿಂತ ಗುರುವಾರದ ದೇಶ ರುಚಿಯಾಗಿತ್ತು ಎಂದು ಪ್ರಿನ್ಸಿಪಾಲ್ ಸಾಹೇಬರು ಹೊಗಳಿದರು. ಗುರುವಾರ ಶೇಂಗಾ ಜಾಸ್ತಿ ಬಿದ್ದಿತ್ತು.

ಆಮೇಲೆ ಯಾವುದೋ ದೂರದ ವಿಶ್ವವಿದ್ಯಾಲಯದ ಜೊತೆ ಕಂಪ್ಯೂಟರಿನಲ್ಲಿ ಮಾತುಕತೆ ಆಯಿತು. ಪರದೆಯ ಮೇಲೆ ಒಬ್ಬ ಬಿಳಿ ಗಡ್ಡದ ದೊಡ್ಡ ಮನುಷ್ಯರು ಕಂಡರು. ಎರಡು ಮಾತಾಡುವಷ್ಟರಲ್ಲಿ ನೆಟ್‌ವರ್ಕ್ ನಿಂತು, ಅವರು ಬಾಯಿ ಅರ್ಧ ತೆರೆದಂತೆಯೇ ನಿಂತುಬಿಟ್ಟರು. ನಮ್ಮ ಸಾಹೇಬರು ಅದನ್ನು ಗಮನಿಸದೆ, ಎಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾರೆ ಎಂದುಕೊಂಡು, ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಅತಿಥಿಗಳಿಗೆ ಚಹಾ ತರಲು ಮೊದಲೇ ಹೇಳಿದ್ದರಿಂದ ಕೊಟ್ರಪ್ಪ ಒಳಗೆ ಹೋಗಿ, ಸಾಹೇಬರಿಗೊಂದು ಕಪ್ಪು ಕೊಟ್ಟು, ಇನ್ನೊಂದನ್ನು ಪರದೆಯ ಮುಂದೆ ಇಟ್ಟು ಬಂದ.

"ಅವ್ರಿಗೂ ಇಟ್ಟಿ ಏನಣ್ಣಾ?" ಎಂದು ಕೇಳಿದೆ.

"ಬಾಯಿ ತಕ್ಕಂಡು ಕುಂತಾರ ಹಾಲಕ್ಕ, ಹೆಂಗ ಬಿಟ್ಟು ಬರ್ಲಿ?" ಎಂದ.

ಇದನ್ನು ನೆನಪಿಸಿಕೊಂಡು ನಾವು ತಿಂಗಳುಗಟ್ಟಲೆ ನಕ್ಕಿದ್ದೇವೆ. ನೀವೂ ಈಗ ನಕ್ಕುಬಿಡಿ, ಆಮೇಲೆ ನನ್ನನ್ನು ನೋಡಿ ನಗುವುದೂ ಇದೆ.

ಕೊನೆಗೂ ಸಾಹೇಬರ ಆಸೆ ಈಡೇರಿತು. ಗ್ರಾಮೀಣ ಅಭಿವೃದ್ಧಿ ಓದಲು ಇಥಿಯೋಪಿಯಾ ದೇಶದಿಂದ ಒಬ್ಬ ಹುಡುಗಿ ನಮ್ಮಲ್ಲಿಗೆ ಬರುತ್ತಾಳೆ ಎಂದು ಸುದ್ದಿ ಬಂತು. ಹೆಸರು ಹಿರುತ್. ಅಷ್ಟರಲ್ಲೇ ಇನ್ನೊಂದು ಸುದ್ದಿಯೂ ಬಂತು. ಕಾಲೇಜು ನಿಜಕ್ಕೂ ಗ್ಲೋಬಲ್ ಆಗಿದೆಯೇ ಎಂದು ನೋಡಲು ವರ್ಷದ ನಡುವೆ ಪರಿಶೀಲನಾ ಸಮಿತಿ ಬರುತ್ತದಂತೆ. ಸಾಹೇಬರ ಬಳಿ ತೋರಿಸಲು ಒಂದು ಭೂಪಟ ಮತ್ತು ಒಬ್ಬ ಹುಡುಗಿ, ಇಷ್ಟೇ.

ಹುಡುಗಿ ಹೊಸಪೇಟೆ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದಳು. ಹಗರಿಬೊಮ್ಮನಹಳ್ಳಿಯಲ್ಲೇ ಇಳಿಸಿಕೊಂಡು ಕಾರಿನಲ್ಲಿ ಕರೆತಂದರೆ ಮರ್ಯಾದೆ ಎಂದು ಸಾಹೇಬರು ತೀರ್ಮಾನಿಸಿದರು. ಹೆಂಗಸೊಬ್ಬಳು ಇರಲಿ ಎಂದು ನನ್ನನ್ನೂ ಹೊರಡಿಸಿದರು. ನನ್ನ ಕೈಯಲ್ಲಿ ಹಾರ, ಕೊಟ್ರಪ್ಪನ ಕೈಯಲ್ಲಿ ಕೊಡೆ. ಕೊಡೆ ಯಾಕೆಂದರೆ, ಫಾರಿನ್ನಿನವರಿಗೆ ನಮ್ಮ ಬಿಸಿಲು ತಡೆಯುವುದಿಲ್ಲ ಎಂದು ಕೊಟ್ರಪ್ಪನ ಅಭಿಪ್ರಾಯ.

ರೈಲು ನಿಂತಿತು. ಕಪ್ಪು ಕನ್ನಡಕ ಹಾಕಿಕೊಂಡ, ಎತ್ತರದ, ಬೆಳ್ಳಗಿನ ಹೆಂಗಸೊಬ್ಬರು ಇಳಿದರು. ಸಾಹೇಬರು ಪಕ್ಕದಿಂದ, "ಹಾಕಮ್ಮಾ, ಹಾಕು ಹಾಕು" ಎಂದರು. ನಾನು ನೆಲ ನೋಡುತ್ತಾ ಹೋಗಿ ಹಾರ ಹಾಕಿದೆ. ಸಾಹೇಬರು ಇಂಗ್ಲಿಷಿನಲ್ಲಿ, ನಮ್ಮ ಕಾಲೇಜಿಗೆ ಸ್ವಾಗತ ಎಂದರು.

"ಕಾಲೇಜಿನಾಗ ಮಾಡ್ತೀರೇನ್ರಿ ಮದುವಿ?" ಎಂದರು ಆ ಹೆಂಗಸು. "ಛತ್ರ ಅಂತ ಹೇಳಿದ್ರಲ್ಲ. ಇರ್ಲಿ ಬಿಡ್ರಿ, ಎದುರುಗೊಳ್ಳಾಕರ ಬಂದ್ರಲ್ಲ ಬೀಗ್ರು. ಚೀಲ ಹಿಡಿಯಪ್ಪಾ" ಎಂದು ಕೊಟ್ರಪ್ಪನ ಕೈಗೆ ಚೀಲ ಕೊಟ್ಟರು.

ಅವರು ನಿಜವಾದ ಬೀಗರನ್ನು ಕಂಡು ಹಾರದ ಸಮೇತ ಹೋಗುವ ಹೊತ್ತಿಗೆ ಪ್ಲಾಟ್‌ಫಾರ್ಮು ಖಾಲಿಯಾಗಿತ್ತು. ತುದಿಯಲ್ಲಿ ನಮ್ಮಷ್ಟೇ ಕಪ್ಪಗಿನ, ತೆಳ್ಳಗಿನ ಹುಡುಗಿಯೊಬ್ಬಳು ಕೆಂಪು ಬ್ಯಾಗಿನ ಮೇಲೆ ಕೂತು, ಇದನ್ನೆಲ್ಲ ನೋಡಿ ನಗುತ್ತಿದ್ದಳು. ಕೊಟ್ರಪ್ಪ ಓಡಿ ಹೋಗಿ ಕೊಡೆ ಹಿಡಿದ. ಅವಳು ತಲೆಯೆತ್ತಿ ಕೊಡೆಯನ್ನು ನೋಡಿದಳು, ಆಮೇಲೆ ಮಳೆ ಇದೆಯೇನೋ ಎಂದು ಕೈ ಹೊರಗೆ ಚಾಚಿ ನೋಡಿದಳು.

ಇನ್ನು ಊಟದ ಕಥೆ. ಸಾಹೇಬರು ಅವಳನ್ನು ಉಳಿದ ಹುಡುಗಿಯರ ಜೊತೆ ಸಾಲಿನಲ್ಲಿ ನೆಲದ ಮೇಲೆ ಕೂರಿಸಲು ಒಪ್ಪಲಿಲ್ಲ. ಉಳ್ಳಾಗಡ್ಡಿ ಚೀಲ ಇಡುವ ಉಗ್ರಾಣಕ್ಕೆ ಸುಣ್ಣ ಬಳಿಸಿ, ಬಾಗಿಲಿಗೆ 'ಇಂಟರ್‌ನ್ಯಾಷನಲ್ ಊಟದ ಕೋಣೆ' ಎಂದು ಬೋರ್ಡು ಹಾಕಿಸಿದರು. ಊಟದ ಮೇಜು ಇರಲಿಲ್ಲ. ಆಟದ ಕೋಣೆಯಿಂದ ಟೇಬಲ್ ಟೆನಿಸ್ ಮೇಜು ತರಿಸಿ, ನೆಟ್ಟು ಬಿಚ್ಚಿ, ಬಟ್ಟೆ ಹಾಸಿದರು. ಅದರ ಒಂದು ತುದಿಗೆ ಒಂದು ಕುರ್ಚಿ. ಉಳ್ಳಾಗಡ್ಡಿ ಚೀಲಗಳನ್ನು ಇಡಲು ಬೇರೆ ಜಾಗ ಸಿಗದೆ ಮೂಲೆಯಲ್ಲೇ ಪೇರಿಸಿ, ಮೇಲೆ ಬೆಡ್‌ಶೀಟು ಹೊದಿಸಿದರು.

ನಮ್ಮ ಕಡೆ ಅತಿಥಿಯನ್ನು ಹೇಗೆ ಉಣ್ಣಿಸುತ್ತೇವೆ ನಿಮಗೆ ಗೊತ್ತು. ಅವರು ಮೊದಲು, ನಾವು ಆಮೇಲೆ. ಅವರು ಉಣ್ಣುವಾಗ ನಾವು ಸುತ್ತ ನಿಂತು, ತಟ್ಟೆಯನ್ನೇ ನೋಡುತ್ತಾ, ಏನು ಖಾಲಿಯಾಗುತ್ತದೋ ಅದನ್ನು ಸುರಿಯಬೇಕು. ಹಾಗೆಯೇ ಮಾಡಿದೆವು. ಅಷ್ಟುದ್ದ ಮೇಜಿನ ತುದಿಯಲ್ಲಿ ಒಬ್ಬಳೇ ಹಿರುತ್. ಎಡಕ್ಕೆ ಸಾಹೇಬರು, ಬಲಕ್ಕೆ ಸೌಟು ಹಿಡಿದ ಕೊಟ್ರಪ್ಪ, ಹಿಂದೆ ಬೀಸಣಿಗೆ ಹಿಡಿದ ನಾನು. ಅವಳು ಒಂದು ತುತ್ತು ಎತ್ತಿದರೆ ಆರು ಕಣ್ಣುಗಳೂ ಅದರ ಜೊತೆಗೇ ಮೇಲೆದ್ದು ಅವಳ ಬಾಯಿಯ ತನಕ ಹೋಗುತ್ತಿದ್ದವು.

ಅವಳು ಎರಡು ತುತ್ತು ತಿಂದು, ನಮ್ಮ ಮುಖ ನೋಡಿ, ತಟ್ಟೆಯನ್ನು ನಮ್ಮ ಕಡೆ ತಳ್ಳಿದಳು.

"ಖಾರ ಆತು! ತಗೀರಿ, ತಗೀರಿ" ಎಂದರು ಸಾಹೇಬರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಓಡಿದೆ.

ಮರುದಿನ ಬ್ರೆಡ್ಡು, ಜಾಮು. ಎರಡು ತುತ್ತು ತಿಂದು ತಳ್ಳಿದಳು. ಅದರ ಮರುದಿನ ನೂಡಲ್ಸು. ಒಗ್ಗರಣೆ ಇಲ್ಲದ್ದು ಊಟ ಹೇಗೆ ಆಗುತ್ತದೆ ಎಂದು ಕೊಟ್ರಪ್ಪ ಅದಕ್ಕೆ ಸಾಸಿವೆ, ಕರಿಬೇವು ಹಾಕಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿದ. ತಳ್ಳಿದಳು. ಬೇಕರಿಯಿಂದ ಕೇಕು ತರಿಸಿದರು. ಯಾರದೋ ಹುಟ್ಟುಹಬ್ಬಕ್ಕೆ ಮಾಡಿ ಉಳಿದದ್ದು, ಮೇಲೆ 'ಹ್ಯಾಪಿ ಬರ್ತ್‌ಡೇ ಬಸವರಾಜ' ಎಂದಿತ್ತು. ಅವಳು ಬಸವರಾಜನ ಮೂಲೆಯಿಂದ ಚೂರು ತಿಂದು ಉಳಿದದ್ದನ್ನು ತಳ್ಳಿದಳು. ದಿನಾ ತಳ್ಳುವುದು, ದಿನಾ ನಾನು ಎತ್ತಿಕೊಂಡು ಓಡುವುದು. ಎತ್ತಿಕೊಂಡಾಗ ಅವಳ ಮುಖ ಯಾಕೆ ಹಾಗೆ ಬಾಡುತ್ತದೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಹಿರುತ್‌ಳ ಕೋಣೆಯಲ್ಲಿ ಜೊತೆಗಿದ್ದವಳು ನಾಗವೇಣಿ, ಕೂಡ್ಲಿಗಿ ಕಡೆಯ ಕುರಿಗಾರರ ಮಗಳು. ಅವಳಿಗೆ ಇಂಗ್ಲಿಷು ಬರುತ್ತಿತ್ತು, ಭಯ ಬರುತ್ತಿರಲಿಲ್ಲ. ಅವಳು ಮೊಬೈಲಿನಲ್ಲಿ ಇಥಿಯೋಪಿಯಾದ ಊಟದ ಚಿತ್ರ ತೋರಿಸಿದಳು. ಎಮ್ಮೆಯ ಕಿವಿಯಂತೆ ಜೋತುಬಿದ್ದ ದೊಡ್ಡ ಹುಳಿ ದೋಸೆ, ಅದರ ಮೇಲೆ ಬಗೆಬಗೆಯ ಪಲ್ಯ.

"ಜೋಳದ ಹಿಟ್ಟಿಲೂ ಮಾಡ್ತಾರಂತ ಇದನ್ನ" ಎಂದಳು.

"ನಮ್ಮ ಜೋಳ ಅಲ್ಲಿತನಕ ಹೋಗೇತೇನು!" ಎಂದು ಕೊಟ್ರಪ್ಪನಿಗೆ ಉತ್ಸಾಹ ಬಂದುಬಿಟ್ಟಿತು. ದೊಡ್ಡ ಕೊಳಗದ ತುಂಬ ಜೋಳದ ಹಿಟ್ಟು ಕಲಸಿ ಹುಳಿಯಲು ಬಿಟ್ಟ. ಮೂರನೆಯ ಬೆಳಿಗ್ಗೆ ನಾನು ಅಡುಗೆಮನೆಯ ಬಾಗಿಲು ತೆರೆದರೆ ಹಿಟ್ಟು ಎದ್ದು ನನ್ನನ್ನು ಎದುರುಗೊಳ್ಳಲು ಹೊಸ್ತಿಲ ತನಕ ಬಂದಿತ್ತು. ಹಾಸ್ಟೆಲ್ಲಿನ ಬೆಕ್ಕು ಅದರಲ್ಲಿ ನಾಲ್ಕು ಹೆಜ್ಜೆ ನಡೆದು, ತಪ್ಪಾಯಿತೆಂದು ಅಲ್ಲೇ ನಿಂತಿತ್ತು. ಉಳಿದದ್ದನ್ನು ಕೊಟ್ರಪ್ಪ ರೊಟ್ಟಿ ಹೆಂಚಿನ ಮೇಲೆ ಹುಯ್ದ. ಅದು ಹೆಂಚು ಬಿಟ್ಟು ಏಳಲಿಲ್ಲ. ಮಗುಚುವ ಸಟ್ಟುಗದಿಂದ ಕೆರೆದು ಕೆರೆದು ತಟ್ಟೆಯಲ್ಲಿ ಗುಡ್ಡೆ ಹಾಕಿಕೊಟ್ಟ.

ಹಿರುತ್ ಆ ಗುಡ್ಡೆಯನ್ನು ನೋಡಿ, ಬಂದ ದಿನದಿಂದ ಮೊದಲ ಸಲ ಹೊಟ್ಟೆ ತುಂಬ ನಕ್ಕಳು. ಹೊಟ್ಟೆ ತುಂಬಿದ್ದು ನಗುವಿನಿಂದ ಮಾತ್ರ. ಎರಡು ತುತ್ತು ತಿಂದು ನಮ್ಮ ಮುಖ ನೋಡಿ ತಳ್ಳಿದಳು.

ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದಳು. ಕೋಣೆ ಗುಡಿಸಲು ಹೋದಾಗ ನೋಡುತ್ತಿದ್ದೆ. ಕೆಂಪು ಬ್ಯಾಗು ಬಂದ ದಿನ ಮಂಚದ ಕೆಳಗೆ ಇಟ್ಟಲ್ಲೇ ಇತ್ತು. ಬೇಕಾದ್ದನ್ನು ತೆಗೆದು, ಮತ್ತೆ ಮಡಿಸಿ ಅದರೊಳಗೇ ಇಡುತ್ತಿದ್ದಳು. ಒಂದು ದಿನ ನಾಗವೇಣಿ ಬಂದು ಹೇಳಿಯೇಬಿಟ್ಟಳು.

"ಅಕ್ಕಾ, ಆಕಿ ವಾಪಸ್ ಹೊಂಟಾಳ. ಸಾಹೇಬ್ರು ಕೈ ಮುಗದು, ಸಮಿತಿ ಬಂದು ಹೋಗಾತನ ಇರವ್ವಾ ಅಂದಾರಂತ. ಅದಕ್ಕ ಅದಾಳ. ಅವ್ರು ಹೋದ ಮರುದಿನ ಈಕೀನೂ ಹೋಗ್ತಾಳ."

"ನನ್ನ ಅಡಿಗಿ ಸೇರವಲ್ದೇನವ್ವಾ?" ಎಂದೆ.

"ಹೇಳವಲ್ಲಳು. ಕೇಳಿದ್ರ, ಎಲ್ರೂ ಭಾಳ ಛಲೋ ಅದಾರ ಅಂತಾಳ, ಅಳ್ತಾಳ."

ನನಗೆ ಆ ರಾತ್ರಿಯ ಊಟ ಗೋಡೆಯ ಮುಂದೂ ಇಳಿಯಲಿಲ್ಲ. ಸಮಿತಿಯ ಚಿಂತೆ ಸಾಹೇಬರಿಗೆ ಇರಲಿ. ದೂರದಿಂದ ಬಂದ ಒಂದು ಹುಡುಗಿ, ನನ್ನ ಕೈಯ ರೊಟ್ಟಿ ತಿನ್ನಲಾರದೆ ಹಸಿದುಕೊಂಡು ವಾಪಸು ಹೋಗುತ್ತಾಳಲ್ಲ ಎಂಬುದು ನನ್ನ ಚಿಂತೆ.

ಒಂದು ಮಧ್ಯಾಹ್ನ ಸಾಹೇಬರು ಮೀಟಿಂಗಿಗೆ ಹೋಗಿದ್ದರು, ಕೊಟ್ರಪ್ಪ ಸಂತೆಗೆ ಹೋಗಿದ್ದ. ಇಂಟರ್‌ನ್ಯಾಷನಲ್ ಕೋಣೆಯಲ್ಲಿ ಹಿರುತ್ ಮತ್ತು ಬೀಸಣಿಗೆ ಹಿಡಿದ ನಾನು. ಮಾಮೂಲಿನಂತೆ ಅವಳು ಎರಡು ತುತ್ತು ತಿಂದು ತಟ್ಟೆ ತಳ್ಳಿದಳು. ನಾನು ಎತ್ತಿಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ನಾಗವೇಣಿ ಉಳ್ಳಾಗಡ್ಡಿ ಹುಡುಕಿಕೊಂಡು ಒಳಗೆ ನುಗ್ಗಿದಳು. ತಡವಾಗಿ ಬಂದಿದ್ದಳು, ಹಸಿದಿದ್ದಳು. ತಟ್ಟೆ ನೋಡಿದಳು.

"ಬ್ಯಾಡೇನ ನಿಂಗ? ಹಂಗಾರ ನಾ ತಿಂತೀನಿ ತಗಾ" ಎಂದು ಹಿರುತ್‌ಳ ತಟ್ಟೆಯಿಂದಲೇ ರೊಟ್ಟಿ ಮುರಿದು, ಪಲ್ಯಕ್ಕೆ ಒತ್ತಿ, ಬಾಯಿಗೆ ಹಾಕಿಕೊಂಡಳು.

ಅತಿಥಿಯ ತಟ್ಟೆಗೆ ಕೈ ಹಾಕುವುದೇ! ಅದೂ ತಿಂದು ಬಿಟ್ಟ ಎಂಜಲಿಗೆ! ಆದರೆ ಹಿರುತ್‌ಳ ಮುಖ ದೀಪ ಹಚ್ಚಿದಂತೆ ಆಯಿತು. ತಟ್ಟೆಯನ್ನು ಇಬ್ಬರ ನಡುವೆ ಎಳೆದುಕೊಂಡಳು. ನಾಗವೇಣಿ ಒಂದು ತುತ್ತು, ಅವಳೊಂದು ತುತ್ತು. ರೊಟ್ಟಿ ಮುಗಿಯಿತು. ನಾನು ಓಡಿ ಹೋಗಿ ಇನ್ನಷ್ಟು ತಂದೆ. ಅದೂ ಮುಗಿಯಿತು. ನಡುವೆ ಹಿರುತ್ ದೊಡ್ಡ ತುತ್ತೊಂದನ್ನು ಕಟ್ಟಿ ನಾಗವೇಣಿಯ ಬಾಯಿಗೇ ಇಟ್ಟಳು. ನಾಗವೇಣಿ ಕೇಳಿ ಹೇಳಿದಳು, ಅವರ ದೇಶದಲ್ಲಿ ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುತ್ತಾರಂತೆ. ಪ್ರೀತಿಯಿದ್ದವರ ಬಾಯಿಗೆ ತುತ್ತು ಇಡುತ್ತಾರಂತೆ. ಒಬ್ಬರೇ ಉಣ್ಣುವುದು ಅವಳಿಗೆ ಗೊತ್ತೇ ಇರಲಿಲ್ಲ.

ನಾಗವೇಣಿ ಬೆರಳು ನೆಕ್ಕುತ್ತಾ, "ಇದರಾಗೇನೈತಕ್ಕ? ನಮ್ಮ ಕುರಿ ಹಟ್ಟಿಯಾಗೂ ಒಂದ ಗಂಗಾಳದಾಗ ನಾಕ ಮಂದಿ ಉಣ್ತೀವಿ" ಎಂದಳು.

ಆಗ ನನಗೆ ತಿಳಿಯಿತು. ತಟ್ಟೆ ತಳ್ಳಿದ್ದು ಬೇಡವೆಂದಲ್ಲ, ಬನ್ನಿ ಎಂದು. ಇಷ್ಟು ದಿನ ಅವಳು ನಮ್ಮನ್ನು ಊಟಕ್ಕೆ ಕರೆದಿದ್ದಾಳೆ. ನಾವು ಕರೆದಾಗಲೆಲ್ಲ ತಟ್ಟೆಯನ್ನೇ ಕಿತ್ತುಕೊಂಡು ಓಡಿದ್ದೇವೆ.

ಹಿರುತ್ ನನ್ನ ಕಡೆಗೂ ತಟ್ಟೆ ಸರಿಸಿದಳು. ನಾನು ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದು, "ನೀವು ಉಣ್ರಿ, ನೀವು ಉಣ್ರಿ" ಎಂದು ಹಿಂದಕ್ಕೆ ಸರಿದೆ.

ಸಾಹೇಬರು ಮೀಟಿಂಗಿನಲ್ಲಿದ್ದ ನಾಲ್ಕು ದಿನ ಹೀಗೆ ಚೆನ್ನಾಗಿ ನಡೆಯಿತು. ಐದನೆಯ ದಿನ ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

"ಏನ್ ನಡದೈತಿ ಇದು? ಎಂಜಲು! ಇಂಟರ್‌ನ್ಯಾಷನಲ್ ಎಂಜಲು!" ಅವರ ದನಿ ಹುಳಿದ ಹಿಟ್ಟಿನಂತೆ ಏರಿತು. "ಸಮಿತಿಯೋರು ಬಂದು ನೋಡಿದ್ರ ಏನಂತಾರ? ಕಾಲೇಜಿನಾಗ ತಟ್ಟಿಗೂ ಗತಿ ಇಲ್ಲ ಅನ್ನಲ್ಲೇನು?"

"ಸರ್, ಅವರ ದೇಶದಾಗ ಹಿಂಗ ಸರ್" ಎಂದಳು ನಾಗವೇಣಿ.

"ಅವರ ದೇಶದಾಗ ಇರ್ಲಿ. ನಮ್ಮ ದೇಶದಾಗ ಅತಿಥಿಗೆ ಮರ್ಯಾದಿ ಐತಿ!"

ಮತ್ತೆ ಒಂದೇ ಕುರ್ಚಿ, ಒಂದೇ ತಟ್ಟೆ. ಮತ್ತೆ ಎರಡು ತುತ್ತು. ಕೆಂಪು ಬ್ಯಾಗು ಮಂಚದ ಕೆಳಗಿನಿಂದ ಬಾಗಿಲ ಹತ್ತಿರಕ್ಕೆ ಬಂತು.

ಸಮಿತಿ ಬಂದ ದಿನ ಅಡುಗೆಮನೆ ಮದುವೆ ಮನೆಯಾಗಿತ್ತು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೋಳಿಗೆ. ಕೊಟ್ರಪ್ಪನಿಗೆ ನೆಗಡಿ, ಸೀನುತ್ತಲೇ ಕೆಲಸ ಮಾಡುತ್ತಿದ್ದ. ಸಮಿತಿಯಲ್ಲಿ ಮೂವರು. ಅವರಲ್ಲಿ ದೊಡ್ಡವರು ಮೈಸೂರು ಕಡೆಯ ವಯಸ್ಸಾದ ಮೇಡಂ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡುವವರು. ಅವರಿಗೆ ಸಾಹೇಬರ ಕೋಣೆಯಲ್ಲಿ ಮೊದಲು ಊಟವಾಯಿತು. ಯಾರೂ ಏನೂ ಹೇಳದೆ ಉಂಡರು. ಆಮೇಲೆ ಸಾಹೇಬರು, "ಈಗ ನಮ್ಮ ವಿದೇಶಿ ವಿದ್ಯಾರ್ಥಿನಿ ಊಟ ಮಾಡುವುದನ್ನು ನೋಡೋಣ ಬನ್ನಿ" ಎಂದು ಕರೆತಂದರು.

ಈಗ ಯೋಚಿಸಿದರೆ ನಗು ಬರುತ್ತದೆ. ಟೇಬಲ್ ಟೆನಿಸ್ ಮೇಜಿನ ಆ ತುದಿಯಲ್ಲಿ ಹುಡುಗಿ. ಈ ತುದಿಯಲ್ಲಿ ಸಮಿತಿಯ ಮೂವರು, ಸಾಹೇಬರು, ಕೊಟ್ರಪ್ಪ, ಎಲ್ಲರೂ ಕೈ ಕಟ್ಟಿ ನಿಂತು ಅವಳ ಬಾಯಿ ನೋಡುತ್ತಿದ್ದಾರೆ. ನಾಗವೇಣಿ ಕಿಟಕಿಯ ಹೊರಗೆ. ನಾನು ಉಳ್ಳಾಗಡ್ಡಿ ಚೀಲಗಳ ಪಕ್ಕ ಸೆರಗು ಎಳೆದುಕೊಂಡು, ಆದಷ್ಟು ಉಳ್ಳಾಗಡ್ಡಿ ಚೀಲದಂತೆ ಕಾಣಲು ಪ್ರಯತ್ನಿಸುತ್ತಾ ನಿಂತಿದ್ದೆ.

ಹಿರುತ್ ಎರಡು ತುತ್ತು ತಿಂದಳು. ಎಲ್ಲರ ಮುಖ ನೋಡಿದಳು. ನನ್ನನ್ನು ನೋಡಿದಳು. ತಟ್ಟೆಯನ್ನು ನನ್ನ ಕಡೆಗೆ ತಳ್ಳಿದಳು.

"ಊಟ ಇಷ್ಟ ಆಗ್ಲಿಲ್ವೇನಮ್ಮಾ?" ಎಂದರು ಮೇಡಂ.

ಸಾಹೇಬರು ನನ್ನ ಪಕ್ಕಕ್ಕೆ ಸರಿದರು. ನನಗೆ ಮಾತ್ರ ಕೇಳುವಂತೆ, "ಹಾಲಮ್ಮಾ, ತಗೀ ತಗೀ. ಹೋಳಿಗಿ ತಗಂಬಾ ಲಗೂನ" ಎಂದರು.

ನಾನು ಮೇಜಿನ ಹತ್ತಿರ ಹೋದೆ. ಎಂದಿನಂತೆ ಎರಡೂ ಕೈಯಿಂದ ತಟ್ಟೆ ಹಿಡಿದೆ. ಎತ್ತಬೇಕು, ಅಷ್ಟೇ. ಎತ್ತಿದರೆ ಅವಳು ನಾಳೆ ಹೋಗುತ್ತಾಳೆ. ಎತ್ತದಿದ್ದರೆ ಇಷ್ಟು ಜನರ ಮುಂದೆ ನಾನು ಬಾಯಿ ತೆರೆಯಬೇಕು. ಬಾಗಳಿಯ ಗುಡಿಯ ಕಂಬ ಎಲ್ಲಾದರೂ ಇದೆಯೇ ಎಂದು ನೋಡಿದೆ. ಕೊಟ್ರಪ್ಪ ಇದ್ದ. ಕಂಬದಷ್ಟೇ ದಪ್ಪ, ಆದರೆ ದೂರ.

ಕೂರಲು ಕುರ್ಚಿ ಇರಲಿಲ್ಲ. ಬೆಡ್‌ಶೀಟು ಸರಿಸಿ ಒಂದು ಉಳ್ಳಾಗಡ್ಡಿ ಚೀಲ ಎಳೆದುಕೊಂಡು ಅದರ ಮೇಲೆ ಕೂತೆ. ಕೂತ ರಭಸಕ್ಕೆ ನಾಲ್ಕು ಉಳ್ಳಾಗಡ್ಡಿ ಉರುಳಿ ಸಮಿತಿಯವರ ಕಾಲ ಬಳಿ ಹೋದವು. ಸಾಹೇಬರು ಕಣ್ಣು ಮುಚ್ಚಿಕೊಂಡರು.

ಹಿರುತ್ ರೊಟ್ಟಿ ಮುರಿದು, ಎಣ್ಣೆಗಾಯಿ ಸುತ್ತಿ, ದೊಡ್ಡ ತುತ್ತು ಮಾಡಿ ನನ್ನ ಬಾಯಿಯ ಹತ್ತಿರ ಹಿಡಿದಳು. ಇನ್ನೊಂದು ಕೈಯಿಂದ ನನ್ನ ಸೆರಗು ಹಿಡಿದಿದ್ದಳು. ನಾನು ಮತ್ತೆ ಓಡುತ್ತೇನೆ ಎಂದುಕೊಂಡಿದ್ದಳೋ ಏನೋ. ನಾನು ಕಣ್ಣು ಮುಚ್ಚಿ ಬಾಯಿ ತೆರೆದೆ.

ತುತ್ತು ಒಳಗೆ ಹೋಯಿತು. ಅಗಿದೆ. ಅಗಿಯುವ ಸದ್ದು ಮೇಜಿನ ಆ ತುದಿಗೂ ಕೇಳಿಸಿರಬೇಕು. ಇನ್ನೂ ಸ್ವಲ್ಪ ಅಗಿದೆ. ಆಮೇಲೆ, ಇಷ್ಟು ವರ್ಷ ದೊಡ್ಡವರ ಮುಂದೆ ಒಂದು ಮಾತೂ ಆಡದ ನಾನು, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಉಪ್ಪಿಲ್ಲ!"

ಕೊಟ್ರಪ್ಪ ಸೀನಿದ. "ನೀ ಹಾಕಿಲ್ಲೇನ ಹಾಲಕ್ಕ?"

"ನೀ ಹಾಕೀಯಂತ ನಾ ಬಿಟ್ಟೆ. ಮೂಸಿ, ಸರಿ ಐತಿ ಅಂದಿಯಲ್ಲ!"

"ಮೂಗು ಕಟ್ಟೇತವಾ!"

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಿಟ್ಟಾದರೇನೋ ಎಂದು ನೋಡಿದರೆ, ನಗುತ್ತಿದ್ದರು. "ಅಲ್ಲಾ, ನಾನು ಆಗಲೇ ಹೇಳೋಣ ಅಂದ್ಕೊಂಡೆ. ಈ ಕಡೆ ಎಣ್ಣೆಗಾಯಿ ಮಾಡೋದೇ ಹೀಗೇನೋ ಅಂತ ಮರ್ಯಾದೆಗೆ ಸುಮ್ಮನಿದ್ದೆ ಕಣ್ರೀ!" ಎಂದರು. ಉಳಿದಿಬ್ಬರೂ, ನಾವೂ ಹಾಗೇ ಅಂದುಕೊಂಡೆವು ಎಂದು ತಲೆಯಾಡಿಸಿದರು.

ನಾನು ಉಪ್ಪು ತಂದೆ. ಹಿರುತ್ ಎಣ್ಣೆಗಾಯಿಗೆ ಉಪ್ಪು ಕಲಸಿ, ಮೊದಲು ಮೇಡಂ ಬಾಯಿಗೆ ಒಂದು ತುತ್ತು ಇಟ್ಟಳು. ಆಮೇಲೆ ಸಾಹೇಬರ ಕಡೆ ತಿರುಗಿದಳು. ಸಾಹೇಬರು ಗೋಡೆಯ ತನಕ ಹಿಂದಕ್ಕೆ ಸರಿದರು. ನಮ್ಮ ಕಡೆ ಹೆಣ್ಣು ಗಂಡಿನ ಬಾಯಿಗೆ ಎಲ್ಲರೆದುರು ತುತ್ತು ಇಡುವುದು ಮದುವೆಯ ದಿನ ಮಾತ್ರ, ಅದೂ ಗಂಡು ತನ್ನ ಹೆಂಡತಿಯ ಹೆಸರು ಸೇರಿಸಿ ಎರಡು ಸಾಲಿನ ಪ್ರಾಸದ ಒಡಪು ಹೇಳಿದ ಮೇಲೆ. ಸಾಹೇಬರ ಬಾಯಿಗೆ ತುತ್ತು ಹೋಗುತ್ತಿದ್ದಂತೆ ಕೊಟ್ರಪ್ಪನಿಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ಅಮ್ಮಾರ ಹೆಸರಿಟ್ಟು ಒಡಪು ಹೇಳ್ರಿ!"

ಕಿಟಕಿಯ ಹೊರಗಿನಿಂದ ನಾಗವೇಣಿ ಮತ್ತು ಹುಡುಗಿಯರೆಲ್ಲ ಹೋ ಎಂದರು. ಸಾಹೇಬರು ತುಂಬಿದ ಬಾಯಲ್ಲಿ ಏನೋ ಹೇಳಿದರು. ಒಡಪು ಅಲ್ಲ. "ಈಗ ಉಪ್ಪು ಸರಿ ಐತಿ" ಎಂದರು.

ಸಮಿತಿಯವರು ಏನು ಬರೆದುಕೊಂಡು ಹೋದರೋ ನನಗೆ ಗೊತ್ತಿಲ್ಲ. ಅದು ನನ್ನ ಕೆಲಸವಲ್ಲ. ಮರುದಿನ ಬೆಳಿಗ್ಗೆ ಕೋಣೆ ಗುಡಿಸಲು ಹೆದರಿ ಹೆದರಿ ಹೋದೆ. ಬಾಗಿಲ ಹತ್ತಿರ ಕೆಂಪು ಬ್ಯಾಗು ಇರಲಿಲ್ಲ. ಹೊರಟೇ ಹೋದಳೇನೋ ಎಂದು ನಿಂತಲ್ಲೇ ನಿಂತೆ. ಆಮೇಲೆ ನೋಡಿದರೆ ಅವಳ ಬಟ್ಟೆಗಳೆಲ್ಲ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ತೂಗುತ್ತಿದ್ದವು. ಖಾಲಿ ಬ್ಯಾಗು ನಾಗವೇಣಿಯ ಮಂಚದ ಕೆಳಗಿತ್ತು. ಅದರಲ್ಲಿ ನಾಗವೇಣಿ ತನ್ನ ಊರಿಂದ ತಂದ ಶೇಂಗಾ ತುಂಬಿದ್ದಳು.

ಹಿರುತ್ ಓದು ಮುಗಿಸಿಯೇ ಹೋದಳು. ಟೇಬಲ್ ಟೆನಿಸ್ ಮೇಜು ಆಮೇಲೆ ಆಟಕ್ಕೆ ವಾಪಸು ಹೋಗಲಿಲ್ಲ. ಅದರ ಸುತ್ತ ಹುಡುಗಿಯರೆಲ್ಲ ಚೀಲ, ಡಬ್ಬಿ, ಬಕೆಟ್ಟು, ಸಿಕ್ಕಿದ್ದರ ಮೇಲೆ ಕೂತು ಉಣ್ಣುತ್ತಿದ್ದರು. ಆ ಒಂದೇ ಕುರ್ಚಿಯನ್ನು ನನಗೆ ಬಿಟ್ಟಿದ್ದರು. ಮೊದ ಮೊದಲು ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದೆ. ಹಿರುತ್ ಎದ್ದು ಬಂದು, ಕುರ್ಚಿಯ ಸಮೇತ ನನ್ನನ್ನು ತಿರುಗಿಸುತ್ತಿದ್ದಳು. ಕೊಟ್ರಪ್ಪ ಮಾತ್ರ ನಿವೃತ್ತಿಯಾಗುವ ತನಕ ರುಚಿ ನೋಡದೆ ಮೂಸಿಯೇ ಬಡಿಸಿದ. ಮೂಸಿದ ಮೇಲೆ ನನ್ನನ್ನು ಕರೆದು, "ನೀ ಒಂಚೂರು ಬಾಯಿಗೆ ಹಾಕ್ಕಂಡು ನೋಡವ್ವಾ, ನಾ ಆ ಕಡಿ ತಿರುಗ್ತೀನಿ" ಎನ್ನುತ್ತಿದ್ದ.

ಚೈತ್ರಾ, ನಿನಗೆ ಹೇಳುವುದು ಇಷ್ಟೇ. ಬಂದ ಹುಡುಗಿಯರಿಗೆ ಏನು ಅಡುಗೆ ಮಾಡಿಸಬೇಕು ಎಂದು ಬಹಳ ತಲೆ ಕೆಡಿಸಿಕೊಳ್ಳಬೇಡ. ಉಣ್ಣುವಾಗ ಅವರ ಪಕ್ಕ ಯಾರು ಕೂತಿದ್ದಾರೆ ನೋಡು. ಯಾರೂ ಇಲ್ಲದಿದ್ದರೆ ಬೀಸಣಿಗೆ ಬಿಸಾಕಿ ನೀನೇ ಕೂರು. ನಿನಗೆ ನನ್ನ ನಾಚಿಕೆ ಬಂದಿಲ್ಲ, ಪುಣ್ಯ.

ಇನ್ನು ಮನುವಿನ ಪ್ರಶ್ನೆ. ಹಿರುತ್ ಈಗ ಅವಳ ಊರಿನಲ್ಲೇ ಕೆಲಸ ಮಾಡುತ್ತಾಳೆ. ಐತವಾರ ಅವರ ಮನೆಯವರೆಲ್ಲ ದೊಡ್ಡ ತಟ್ಟೆಯ ಸುತ್ತ ಕೂತಾಗ ನನಗೆ ವಿಡಿಯೋ ಕಾಲ್ ಮಾಡುತ್ತಾಳೆ. ತಾಯಿ, ಅಣ್ಣ, ಅವನ ಮಕ್ಕಳು, ಎಲ್ಲರೂ ನನ್ನನ್ನೇ ನೋಡುತ್ತಿರುತ್ತಾರೆ. ಅವಳು ಒಂದು ತುತ್ತು ಕಟ್ಟಿ, "ಹಾಲಕ್ಕಾ, ಆ ಮಾಡ್ರಿ" ಎಂದು ಫೋನಿನ ಹತ್ತಿರಕ್ಕೆ ತರುತ್ತಾಳೆ.

ಪರದೆಯ ಮುಂದೆ ಕೊಟ್ರಪ್ಪ ಚಹಾ ಇಟ್ಟದ್ದಕ್ಕೆ ಅಷ್ಟು ನಕ್ಕವಳು ನಾನು. ಈಗ ಸೆರಗು ಸರಿಮಾಡಿಕೊಂಡು, ಅಷ್ಟೂ ಜನರ ಮುಂದೆ ಬಾಯಿ ತೆರೆಯುತ್ತೇನೆ. ಕೆಲವೊಮ್ಮೆ ನೆಟ್‌ವರ್ಕ್ ಅಲ್ಲೇ ನಿಂತುಬಿಡುತ್ತದೆ. ಆಗಲೂ ನಾನು ಬಾಯಿ ಮುಚ್ಚುವುದಿಲ್ಲ. ತುತ್ತು ದಾರಿಯಲ್ಲಿರುತ್ತದೆ.